‘ಅರ್ಧ ತಾಸು ಅಷ್ಟ, ಅಪ್ಪಾ’

ಮೊದಲ ಮೆಸೇಜ್ ಬಂದಾಗ ನಾನು ಗುರುಗ್ರಾಮದ ಕ್ಲೈಂಟ್ ಆಫೀಸಿನಿಂದ ದೆಹಲಿ ಏರ್‌ಪೋರ್ಟಿಗೆ ಹೊರಟ ಕ್ಯಾಬಿನಲ್ಲಿದ್ದೆ. ಸಂಜೆ 6.20ಕ್ಕೆ ಹೊರಡಬೇಕಿದ್ದ ಬೆಂಗಳೂರು ವಿಮಾನ 7.05ಕ್ಕೆ ಹೊರಡುತ್ತದಂತೆ. ಮುಕ್ಕಾಲು ತಾಸು ತಾನೇ, ಪರವಾಗಿಲ್ಲ ಅಂದುಕೊಂಡೆ. ಊರಿಗೆ ಫೋನ್ ಮಾಡಿ, “ಅಪ್ಪಾ, ವಿಮಾನ ಸ್ವಲ್ಪ ಲೇಟ್ ಐತಿ. ಆದ್ರೂ ರಾತ್ರಿ ಬಸ್ ಸಿಗತೈತಿ. ಮುಂಜಾನೆ ಆರಕ್ಕ ಮೋಟೆಬೆನ್ನೂರು ಕ್ರಾಸ್‌ನ್ಯಾಗ ಇರ್ತೀನಿ” ಅಂದೆ.

ಇದು 2025ರ ಜನವರಿ ಕೊನೆಯ ವಾರದ ಒಂದು ಬುಧವಾರ. ಮರುದಿನ ಗುರುವಾರ. ಬ್ಯಾಡಗಿ ಸುತ್ತಮುತ್ತಲಿನವರಿಗೆ ಗುರುವಾರ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಬ್ಯಾಡಗಿಯ ಎಪಿಎಂಸಿಯಲ್ಲಿ ಒಣಮೆಣಸಿನಕಾಯಿ ಮಾರುಕಟ್ಟೆ ಜೋರಾಗಿ ನಡೆಯುವುದು ಸೋಮವಾರ ಮತ್ತು ಗುರುವಾರ. ಸುಗ್ಗಿಯಲ್ಲಿ ಹಾವೇರಿ ಜಿಲ್ಲೆಯಷ್ಟೇ ಅಲ್ಲ, ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಲಾರಿಗಳು ಬರುತ್ತವೆ. ಊರು ಹತ್ತಿರವಾಗುತ್ತಿದ್ದಂತೆ ಬಸ್ಸಿನಲ್ಲಿ ಕುಳಿತವರಿಗೆ ಸೀನು ಶುರುವಾಗುತ್ತದೆ. ನಮಗೆ ಅದೇ ‘ಊರು ಬಂತು’ ಅನ್ನುವ ಅನೌನ್ಸ್‌ಮೆಂಟು.

ಆ ಗುರುವಾರ ನಮ್ಮ ಮನೆಯ ಇಪ್ಪತ್ತೆರಡು ಚೀಲ ಕಾಯಿ ಪ್ಯಾಟಿಗೆ ಹೋಗಬೇಕಿತ್ತು. ಅಪ್ಪನಿಗೆ ಅರವತ್ತಾರು ದಾಟಿದೆ, ಮೊಣಕಾಲು ಮಾತು ಕೇಳುವುದಿಲ್ಲ. ಮುಂದಿನ ವರ್ಷದಿಂದ ಹೊಲ ಲಾವಣಿಗೆ ಹಾಕುವುದು ಅಂತ ದೀಪಾವಳಿಯಲ್ಲೇ ನಿರ್ಧಾರವಾಗಿತ್ತು. ಅಂದರೆ ಅಪ್ಪ ತಾನೇ ಬಿತ್ತಿ, ಬಿಡಿಸಿ, ಒಣಗಿಸಿದ ಕೊನೆಯ ಬೆಳೆ ಅದು. “ಈ ಸಲ ನೀ ಒಂದ್ಸಲ ಬಾರೋ ತಮ್ಮಾ. ಸಣ್ಣಾಂವ ಇದ್ದಾಗ ಚೀಲದ ಮ್ಯಾಲೆ ಮಲಗ್ತಿದ್ದಿ. ಈಗ ದೊಡ್ಡಾಂವ ಆಗಿ ಎದುರು ನಿಂತು ನೋಡು” ಅಂದಿದ್ದ. ಅಪ್ಪ ಯಾವತ್ತೂ ಏನನ್ನೂ ಕೇಳಿದವನಲ್ಲ. ನನ್ನ ಎಂಜಿನಿಯರಿಂಗ್‌ನ ನಾಲ್ಕೂ ವರ್ಷದ ಫೀ ಇದೇ ಕಟ್ಟೆಯ ಮೇಲೆ ಎಣಿಸಿದ ದುಡ್ಡು. ಹಾಗಾಗಿ ಬರ್ತೀನಿ ಅಂದಿದ್ದೆ. ಕ್ಲೈಂಟ್ ಮೀಟಿಂಗು ಬುಧವಾರ ಮಧ್ಯಾಹ್ನಕ್ಕೆ ಮುಗಿಯುವಂತೆ ನೋಡಿಕೊಂಡು, ಸಂಜೆಯ ವಿಮಾನ, ರಾತ್ರಿಯ ಬಸ್ಸು, ಬೆಳಗಿನ ಟ್ರ್ಯಾಕ್ಟರು ಎಲ್ಲವನ್ನೂ ಒಂದಕ್ಕೊಂದು ಜೋಡಿಸಿದ್ದೆ. ಕ್ಯಾಲೆಂಡರಿನಲ್ಲಿ ನೋಡಲು ಬಹಳ ಚೆನ್ನಾಗಿತ್ತು.

ಏರ್‌ಪೋರ್ಟಿನಲ್ಲಿ ಎರಡನೇ ಮೆಸೇಜು: 7.50. ಮೂರನೆಯದು: 9.10. ಪ್ರತಿ ಸಲವೂ ಗೇಟಿನ ಬಳಿಯ ಬೋರ್ಡು ಬದಲಾಗುವ ಮೊದಲೇ ಫೋನು ಗುಂಯ್ ಅನ್ನುತ್ತಿತ್ತು. ಪ್ರತಿ ಸಲವೂ ನಾನು ಊರಿಗೆ ಫೋನ್ ಮಾಡುತ್ತಿದ್ದೆ. “ಅರ್ಧ ತಾಸು ಅಷ್ಟ, ಅಪ್ಪಾ.” “ಇನ್ನೊಂದು ತಾಸು, ಹೊಂಟ್ ಬಿಡತೈತಿ.” ಅಪ್ಪ ಪ್ರತಿ ಸಲವೂ ಒಂದೇ ಮಾತು: “ಆತು, ಬಾ.”

ನನಗೆ ಅರ್ಥವಾಗದ ವಿಷಯ ಒಂದಿತ್ತು. ತಡಕ್ಕೆ ಕಾರಣ ಮಂಜು ಅಂತ ಮೆಸೇಜು ಹೇಳುತ್ತಿತ್ತು. ಆದರೆ ಆ ದಿನ ಮಧ್ಯಾಹ್ನ ದೆಹಲಿಯಲ್ಲಿ ಬಿಸಿಲಿತ್ತು. ಗಾಜಿನಾಚೆ ರನ್‌ವೇ ದೀಪಗಳು ನಿಚ್ಚಳ ಕಾಣುತ್ತಿದ್ದವು. ಬೇರೆ ವಿಮಾನಗಳು ಏರುತ್ತಿದ್ದವು, ಇಳಿಯುತ್ತಿದ್ದವು. ಹಾಗಾದರೆ ಮಂಜು ಎಲ್ಲಿ? ಇವರು ಸುಳ್ಳು ಹೇಳುತ್ತಿದ್ದಾರೆ ಅಂತ ನನ್ನ ಪಕ್ಕದವರು ಗಟ್ಟಿಯಾಗಿ ಹೇಳಿದರು, ನಾನು ಮನಸ್ಸಿನಲ್ಲಿ ಹೇಳಿದೆ.

ಫ್ಲೈಟ್‌ರಾಡಾರ್ ಆ್ಯಪ್ ತೆಗೆದು ನನ್ನನ್ನು ಕರೆದೊಯ್ಯಬೇಕಾದ ವಿಮಾನ ಎಲ್ಲಿದೆ ಅಂತ ಹುಡುಕಿದೆ. ಆಗ ಗೊತ್ತಾಯಿತು. ಮಂಜು ಇದ್ದದ್ದು ಸಂಜೆ ಅಲ್ಲ, ಬೆಳಿಗ್ಗೆ. ನಮ್ಮಲ್ಲಿ ಒಳನಾಡಿನ ಮಾರ್ಗಗಳಲ್ಲಿ ಹಾರುವ ಒಂದು ವಿಮಾನ ದಿನಕ್ಕೆ ಐದಾರು ಟ್ರಿಪ್ ಹೊಡೆಯುತ್ತದೆ. ಇಳಿದು, ಜನ ಇಳಿಸಿ, ಗುಡಿಸಿ, ಇಂಧನ ತುಂಬಿಸಿ, ಮತ್ತೆ ಜನ ಹತ್ತಿಸಿ ಹೊರಡಲು ಸಿಗುವುದು ಅರ್ಧ ತಾಸು, ಹೆಚ್ಚೆಂದರೆ ಮುಕ್ಕಾಲು ತಾಸು. ಬೆಳಗಿನ ಮೊದಲ ಟ್ರಿಪ್ ಮೂರು ತಾಸು ತಡವಾದರೆ ಆ ಮೂರು ತಾಸನ್ನು ದಿನವಿಡೀ ಎಲ್ಲೂ ವಾಪಸ್ ಗಳಿಸಲಾಗದು. ಅದು ಊರಿಂದೂರಿಗೆ ವಿಮಾನದ ಜೊತೆಗೇ ಪ್ರಯಾಣ ಮಾಡುತ್ತದೆ. ಬೆಳಿಗ್ಗೆ ಆರು ಗಂಟೆಯ ಮಂಜು ಸಂಜೆ ಆರರ ಪ್ರಯಾಣಿಕನನ್ನು ಹಿಡಿಯುವುದು ಹೀಗೆ.

ಇನ್ನೊಂದು ಸಂಗತಿಯನ್ನೂ ಆ ರಾತ್ರಿಯೇ ಕುಳಿತು ಓದಿದೆ. ದೆಹಲಿಯಲ್ಲಿ ‘ಕ್ಯಾಟ್-3ಬಿ’ ಎಂಬ ವ್ಯವಸ್ಥೆ ಇದೆ. ರನ್‌ವೇ ಮೇಲೆ ಬರೀ 50 ಮೀಟರ್ ಕಾಣುತ್ತಿದ್ದರೂ ವಿಮಾನ ಇಳಿಸಬಹುದು. ಆದರೆ ರನ್‌ವೇಯಲ್ಲಿ ಉಪಕರಣ ಇದ್ದರೆ ಸಾಲದು, ವಿಮಾನದಲ್ಲೂ ಇರಬೇಕು, ಪೈಲಟ್‌ಗೂ ಅದರ ತರಬೇತಿ ಆಗಿರಬೇಕು. ಮೂರರಲ್ಲಿ ಒಂದಿಲ್ಲದಿದ್ದರೂ ಆ ವಿಮಾನ ಬೇರೆ ಊರಿಗೆ ತಿರುಗುತ್ತದೆ. ಎಲ್ಲ ಇದ್ದರೂ ಮಂಜಿನಲ್ಲಿ ಒಂದು ವಿಮಾನಕ್ಕೂ ಇನ್ನೊಂದಕ್ಕೂ ನಡುವೆ ಹೆಚ್ಚು ಅಂತರ ಬಿಡಬೇಕು. ಆಗ ತಾಸಿಗೆ ಇಳಿಯುವ ವಿಮಾನಗಳ ಲೆಕ್ಕವೇ ಕಡಿಮೆಯಾಗಿ, ಸಾಲು ಬೆಳೆಯುತ್ತದೆ. ಜಾತ್ರೆಯ ದಿನ ಒಂದೇ ಬಾಗಿಲು ತೆರೆದಂತೆ.

ಇದೆಲ್ಲ ತಿಳಿದ ಮೇಲೆ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ.

ರಾತ್ರಿ 10.30ಕ್ಕೆ ಅಂತ ಮತ್ತೊಂದು ಮೆಸೇಜು. ವಿಮಾನ ಬಂದು ನಿಂತಿತ್ತು, ಕಣ್ಣಿಗೇ ಕಾಣುತ್ತಿತ್ತು. ಎಲ್ಲರೂ ಎದ್ದು ಸಾಲು ನಿಂತೆವು. ಹನ್ನೊಂದರ ಸುಮಾರಿಗೆ ‘ರದ್ದು’ ಅಂದರು. ಪೈಲಟ್‌ಗಳ ಡ್ಯೂಟಿ ಅವಧಿ ಮುಗಿದಿದೆಯಂತೆ. ಬೆಳಗಿನಿಂದ ತಡವಾಗಿಯೇ ಓಡಾಡುತ್ತಿದ್ದ ವಿಮಾನದ ಸಿಬ್ಬಂದಿಯೂ ಬೆಳಗಿನಿಂದ ಕಾಯುತ್ತಲೇ ಇದ್ದರು, ಆ ಕಾಯುವಿಕೆಯೂ ಡ್ಯೂಟಿಯ ಲೆಕ್ಕಕ್ಕೇ ಬರುತ್ತದೆ. ಮರುದಿನ ಬೆಳಿಗ್ಗೆ ಮತ್ತೆ ಮಂಜಿನ ಸೂಚನೆ ಇದ್ದದ್ದರಿಂದ ನನಗೆ ಸಿಕ್ಕಿದ್ದು ಮಧ್ಯಾಹ್ನ 1.40ರ ವಿಮಾನ.

ಕೌಂಟರಿನಲ್ಲಿ ಒಬ್ಬಳೇ ಹುಡುಗಿ. ಇಪ್ಪತ್ಮೂರು ಇಪ್ಪತ್ನಾಲ್ಕು ಇರಬಹುದು. ಅವಳ ಮುಂದೆ ನೂರೈವತ್ತು ಜನ. ನನ್ನ ಸರದಿ ಬಂದಾಗ ನಾನು ಕೂಗಾಡಿದೆ. ಏನೇನು ಅಂದೆ ಅಂತ ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. “ಆರು ಗಂಟೆಗೇ ಆಗಲ್ಲ ಅಂತ ಹೇಳಿದ್ದರೆ ಬೇರೆ ಟಿಕೆಟ್ ತಗೊಳ್ತಿದ್ದೆ, ಅರ್ಧರ್ಧ ಗಂಟೆ ಯಾಕೆ ಸುಳ್ಳು ಹೇಳಿದಿರಿ” ಅನ್ನುವುದು ಅದರ ತಿರುಳು. ಅವಳು ತಲೆ ಎತ್ತದೆ ಹಿಂದಿಯಲ್ಲಿ ಹೇಳಿದಳು: “ಸರ್, ನನಗೂ ಮೇಲಿನಿಂದ ಅರ್ಧರ್ಧ ಗಂಟೆಯೇ ಬರೋದು.”

ಆ ಮಾತು ನನಗೆ ಸರಿಯಾಗಿ ನಾಟಿತು. ಯಾಕೆಂದರೆ ಅದು ನನ್ನದೇ ಮಾತು. ನಮ್ಮ ಸಿಸ್ಟಮ್ ಬಿದ್ದಾಗ ಗ್ರಾಹಕರಿಗೆ ಸ್ಟೇಟಸ್ ಅಪ್‌ಡೇಟ್ ಬರೆಯುವ ಕೆಲಸ ಎಷ್ಟೋ ಸಲ ನನ್ನದು. ಏನು ಕೆಟ್ಟಿದೆ ಅಂತಲೇ ಗೊತ್ತಿರುವುದಿಲ್ಲ. ಆದರೂ ‘ಮೂವತ್ತು ನಿಮಿಷದಲ್ಲಿ ಸರಿಹೋಗಲಿದೆ’ ಅಂತ ಹಾಕುತ್ತೇವೆ. ಮೂವತ್ತು ನಿಮಿಷ ಆದ ಮೇಲೆ ಮತ್ತೆ ಮೂವತ್ತು. ‘ಗೊತ್ತಿಲ್ಲ’ ಅಂತ ಬರೆದರೆ ಮ್ಯಾನೇಜರ್ ಒಪ್ಪುವುದಿಲ್ಲ. ಆ ಕಡೆ ಕಾಯುವವರು ಯಾರು, ಅವರ ಯಾವ ಕೆಲಸ ಕೆಡುತ್ತಿದೆ ಅಂತ ನಾನು ಯಾವತ್ತೂ ಯೋಚಿಸಿದವನಲ್ಲ.

ಅಪ್ಪನಿಗೆ ಫೋನ್ ಮಾಡಿದೆ. ಹನ್ನೊಂದೂವರೆಗೂ ಎದ್ದೇ ಇದ್ದ. “ಬರಾಕ ಆಗಂಗಿಲ್ಲ ಅಪ್ಪಾ” ಅಂದೆ. ಒಂದು ಕ್ಷಣ ಸುಮ್ಮನಿದ್ದು, “ಆತು, ಮಕ್ಕೋ. ಊಟ ಮಾಡಿಯೇನು?” ಅಂದ.

“ಯಾವೂರ್ರಿ ನಿಮ್ದು?”

ತಿರುಗಿ ನೋಡಿದರೆ ಹಿಂದಿನ ಕುರ್ಚಿಯಲ್ಲಿ ಐವತ್ತೈದರ ಆಸುಪಾಸಿನ ಒಬ್ಬರು. ನನ್ನ ಫೋನಿನ ಮಾತು ಕೇಳಿಸಿಕೊಂಡಿದ್ದರು. ಅವರು ರಾಣೆಬೆನ್ನೂರಿನವರು, ತರಕಾರಿ ಬೀಜದ ವ್ಯವಹಾರ. ರಾಣೆಬೆನ್ನೂರು ಅಂದರೆ ಹೊರಗಿನವರಿಗೆ ಕೃಷ್ಣಮೃಗದ ಅಭಯಾರಣ್ಯ ನೆನಪಾಗುತ್ತದೆ, ರೈತರಿಗೆ ನೆನಪಾಗುವುದು ಹೈಬ್ರಿಡ್ ಬೀಜ. ದೆಹಲಿಯಲ್ಲಿ ಏನೋ ಕೆಲಸ ಮುಗಿಸಿ ಊರಿಗೆ ಹೊರಟಿದ್ದರು. ಬ್ಯಾಗಿನಿಂದ ಸ್ಟೀಲ್ ಡಬ್ಬಿ ತೆಗೆದರು. ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಪುಟ್ಟ ಬಾಟಲಿಯಲ್ಲಿ ಎಣ್ಣೆ. “ಎಂಟು ದಿನ ಆದ್ರೂ ಏನೂ ಆಗಂಗಿಲ್ಲ, ತಿನ್ರಿ” ಅಂದರು. ವಿಮಾನದವರು ಕೊಟ್ಟಿದ್ದ ತಣ್ಣನೆಯ ಸ್ಯಾಂಡ್‌ವಿಚ್ ಪಕ್ಕಕ್ಕಿಟ್ಟು ತಿಂದೆ.

ನಾನು ಇಡೀ ಕತೆ ಹೇಳಿದೆ. ವಿಮಾನ ಕಂಪನಿಯನ್ನು ಬೈದೆ. ಅವರು ಕೇಳಿಸಿಕೊಂಡು, “ಅದು ಬಿಡ್ರಿ. ನಿಮ್ಮ ಅಪ್ಪಾರು ಚೀಲ ಹೇರಾಕ ಯಾರನ್ನರ ಗೊತ್ತು ಮಾಡ್ಯಾರೇನು?” ಅಂದರು.

ನನಗೆ ಹೊಳೆದಿರಲೇ ಇಲ್ಲ.

“ನಮ್ಮ ಕ್ರಾಸಿಂಗ್ ಕೆಲಸದಾಗ ಹಿಂಗ ಆಗತೈತ್ರಿ” ಅಂದರು. ಹೈಬ್ರಿಡ್ ಬೀಜ ಮಾಡುವ ಹೊಲದಲ್ಲಿ ಸಂಜೆ ಮೊಗ್ಗು ಬಿಡಿಸಿ ಗಂಡು ಭಾಗ ತೆಗೆದಿಡುತ್ತಾರೆ. ಮರುದಿನ ಮುಂಜಾನೆ ಬೇರೆ ತಳಿಯ ಪರಾಗ ತಂದು ಕೈಯಿಂದ ಮುಟ್ಟಿಸಬೇಕು. ಆ ಮುಂಜಾನೆ ಆಳು ಬರದಿದ್ದರೆ ಹಿಂದಿನ ಸಂಜೆಯ ಕೆಲಸವೂ ಹೋಯಿತು, ಆ ಹೂವೂ ಹೋಯಿತು. “ಬರೂದಿಲ್ಲ ಅಂತ ಹೇಳಿದ ಆಳಿನಿಂದ ನನಗ ಯಾವತ್ತೂ ಲುಕ್ಸಾನ ಆಗಿಲ್ಲರಿ. ಬ್ಯಾರೆಯವರನ್ನ ಕರೀತೀನಿ. ‘ಬಂದೆ, ಹೊಂಟೇನಿ, ದಾರ್ಯಾಗದೀನಿ’ ಅಂತಾರಲ್ಲ, ಅವರಿಂದ ಆಗಿದ್ದು.”

ಅವರು ನನ್ನನ್ನು ಅನ್ನಲು ಹೇಳಿದ್ದಲ್ಲ ಅದು. ಬೀಜದ ಮಾತಾಡುತ್ತಿದ್ದರು. ಅದಕ್ಕೇ ಹೆಚ್ಚು ಚುಚ್ಚಿತು.

ಸಂಜೆ ಆರರಿಂದ ರಾತ್ರಿ ಹನ್ನೊಂದೂವರೆವರೆಗೆ ವಿಮಾನ ಕಂಪನಿ ನನಗೆ ಏನು ಮಾಡಿತ್ತೋ ಅದನ್ನೇ ನಾನು ಅಪ್ಪನಿಗೆ ಮಾಡಿದ್ದೆ. ಅರ್ಧ ತಾಸಿನ ಆಸೆಯನ್ನು ಕಂತು ಕಂತಾಗಿ ದಾಟಿಸಿದ್ದೆ. ಏಳು ಗಂಟೆಗೇ ‘ನಾ ಬರೂದು ಗ್ಯಾರಂಟಿ ಇಲ್ಲ’ ಅಂದಿದ್ದರೆ ಅಪ್ಪ ದೊಡ್ಡಪ್ಪನ ಮಗನಿಗೆ ಹೇಳುತ್ತಿದ್ದ. ಎಂಟಕ್ಕೆ ಹೇಳಿದ್ದರೂ ಆಗುತ್ತಿತ್ತು. ನಾನು ಹೇಳಲಿಲ್ಲ. ಅಪ್ಪನಿಗೆ ಬೇಜಾರಾದೀತು ಅಂತ ಹೇಳಲಿಲ್ಲ ಅಂದುಕೊಂಡಿದ್ದೆ. ನಿಜ ಏನೆಂದರೆ, ‘ಆಗಲ್ಲ’ ಅನ್ನುವ ಮಾತು ನನ್ನ ಬಾಯಿಂದ ಬರಬಾರದು, ಅಷ್ಟೇ. ಅದನ್ನು ಬೋರ್ಡೇ ಹೇಳಲಿ ಅಂತ ಕಾದಿದ್ದೆ.

ರಾತ್ರಿ ಕುರ್ಚಿಯಲ್ಲೇ ಕಳೆಯಿತು. ಬೆಳಗಿನ ಜಾವ ಗಾಜಿನಾಚೆ ನಿಜಕ್ಕೂ ಏನೂ ಕಾಣುತ್ತಿರಲಿಲ್ಲ, ಹಾಲು ಚೆಲ್ಲಿದ ಹಾಗೆ. ಐದಕ್ಕೆ ಅವ್ವನಿಗೆ ಫೋನ್ ಮಾಡಿದೆ. ದೊಡ್ಡಪ್ಪನ ಮಗ ಬೇರೆಯವರ ಮಾಲು ಹೇರಿಸಲು ಆಗಲೇ ಹೋಗಿಬಿಟ್ಟಿದ್ದನಂತೆ. ಅಪ್ಪನೇ ಟ್ರ್ಯಾಕ್ಟರಿನವನನ್ನು ಎಬ್ಬಿಸಿ, ಇಬ್ಬರೂ ಸೇರಿ ಇಪ್ಪತ್ತೆರಡು ಚೀಲ ಹೇರಿದರಂತೆ. ಮೊಣಕಾಲು ನೋವಿನ ಅಪ್ಪ. ಹೊರಟಾಗ ಎಂಟು ದಾಟಿತ್ತು. ದಲಾಲಿ ಅಂಗಡಿಯ ಮುಂದಿನ ಜಾಗವೆಲ್ಲ ಆಗಲೇ ತುಂಬಿ, ನಮ್ಮ ಲಾಟ್ ಮೂಲೆಯಲ್ಲಿ ಬಿತ್ತು.

ಈಗ ಬ್ಯಾಡಗಿಯಲ್ಲಿ ಇ-ಟೆಂಡರ್. ಖರೀದಿದಾರರು ಲಾಟ್‌ನಿಂದ ಲಾಟ್‌ಗೆ ಓಡಾಡಿ ಕಾಯಿ ಮುರಿದು, ಬಣ್ಣ ನೋಡಿ, ಅಲ್ಲಾಡಿಸಿ ತೇವ ಅಂದಾಜು ಮಾಡಿ ದರ ನಮೂದಿಸುತ್ತಾರೆ. ಡಬ್ಬಿ, ಕಡ್ಡಿ ಅಂತ ನಮ್ಮ ಕಾಯಿಯಲ್ಲಿ ಎರಡು ಬಗೆ. ಖಾರ ಕಡಿಮೆ, ಬಣ್ಣ ಜಾಸ್ತಿ. 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದ್ದು ಈ ಗುಣಕ್ಕೇ. ಎಣ್ಣೆ ಅಂಶ, ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಹೋಗುವುದೂ ಇದೇ. ದರ ಘೋಷಣೆಯಾದ ಮೇಲೆ ರೈತ ಒಪ್ಪಿದರೆ ತೂಕ. ಒಪ್ಪದಿದ್ದರೆ ಮಾಲು ಎತ್ತಿ ಕೋಲ್ಡ್ ಸ್ಟೋರೇಜಿಗೆ ಇಟ್ಟು, ಬಾಡಿಗೆ ಕಟ್ಟಿ, ಮುಂದೆ ದರ ಏರೀತು ಅಂತ ಕಾಯಬೇಕು. ದರದ ವಿಷಯ ಆಟವಲ್ಲ. 2024ರ ಮಾರ್ಚ್ 11ರಂದು ಇದೇ ಮಾರುಕಟ್ಟೆಯಲ್ಲಿ ದರ ಕುಸಿದು, ರೈತರ ಸಿಟ್ಟು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚುವ ತನಕ ಹೋಗಿತ್ತು.

ನನ್ನ 1.40ರ ವಿಮಾನ ಎರಡೂ ಕಾಲಿಗೆ ಮೇಲೇರಿತು. ಬೆಂಗಳೂರಿನಲ್ಲಿ ಇಳಿದು ಫೋನಿನ ಏರೋಪ್ಲೇನ್ ಮೋಡ್ ತೆಗೆದಾಗ ಐದು ದಾಟಿತ್ತು. ಅಪ್ಪನ ಎರಡು ಮಿಸ್ಡ್ ಕಾಲ್. 3.42, 3.55.

ವಾಪಸ್ ಮಾಡಿದೆ. “ದರ ಹೇಳಿದ್ರೋ ತಮ್ಮಾ. ನಾವ್ ಅಂದ್ಕೊಂಡಷ್ಟು ಬರಲಿಲ್ಲ. ಕೊಡ್ಲೋ, ಸ್ಟೋರೇಜಿಗೆ ಇಡ್ಲೋ ಅಂತ ನಿನ್ನ ಕೇಳೂಣು ಅಂತ ಹಚ್ಚಿದ್ದೆ. ಹತ್ತಲಿಲ್ಲ. ಕೊಟ್ಟುಬಿಟ್ಟೆ.”

“ಇನ್ನೊಂದ್ ತಾಸು ನಿಲ್ಲಬೇಕಿತ್ತಲ್ಲ ಅಪ್ಪಾ...”

“ಪ್ಯಾಟಿ ಯಾರಿಗೂ ನಿಲ್ಲಂಗಿಲ್ಲೋ” ಅಂದ. ಸಿಟ್ಟು ಇರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

ರಾಣೆಬೆನ್ನೂರಿನವರೂ ಅದೇ ವಿಮಾನದಲ್ಲಿದ್ದರು. ಇಬ್ಬರೂ ಸೇರಿ ಕಾರು ಮಾಡಿಕೊಂಡು ಹೊರಟೆವು. ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರ. ರಾಣೆಬೆನ್ನೂರಿನಲ್ಲಿ ಅವರನ್ನು ಇಳಿಸಿ ನಮ್ಮ ಮನೆ ಮುಟ್ಟಿದಾಗ ಗುರುವಾರ ಮುಗಿದು ಶುಕ್ರವಾರವಾಗಿತ್ತು. ಜಗುಲಿಯ ಲೈಟ್ ಉರಿಯುತ್ತಿತ್ತು. ಅಪ್ಪ ಅಂಗಡಿಯ ಪಟ್ಟಿ ತೆಗೆದು ನನ್ನ ಕೈಗಿತ್ತ. ಚೀಲ, ತೂಕ, ದರ, ಹಮಾಲಿ, ಕೈಗೆ ಬಂದದ್ದು. ಪಕ್ಕದಲ್ಲಿ ಒಂದು ಸಣ್ಣ ಚೀಲ ಇತ್ತು. “ಇದನ್ನ ಮಾರಾಕ ಹಾಕಲಿಲ್ಲ. ನೀ ಬೆಂಗಳೂರಿಗೆ ಒಯ್ಯಿ” ಅಂದ.

ಆಮೇಲೆ ಆ ವರ್ಷ ದರ ಏನಾಯಿತು ಅಂತ ಅಪ್ಪ ನೋಡಲಿಲ್ಲ. ನಾನು ನೋಡಿದೆ. ಅವನಿಗೆ ಹೇಳಿಲ್ಲ.

ಇದನ್ನು ಈಗ ಬರೆಯಲು ಕಾರಣ, ಅದೇ ವರ್ಷದ ಡಿಸೆಂಬರಿನಲ್ಲಿ ದೇಶವಿಡೀ ನೋಡಿದ ಗದ್ದಲ. ಪೈಲಟ್‌ಗಳ ದಣಿವು ಕಡಿಮೆ ಮಾಡಲು ಡಿಜಿಸಿಎ ತಂದಿದ್ದ ಹೊಸ ನಿಯಮಗಳ ಎರಡನೇ ಹಂತ 2025ರ ನವೆಂಬರ್ 1ರಿಂದ ಜಾರಿಯಾಗಿತ್ತು. ವಾರದ ವಿಶ್ರಾಂತಿ 36 ತಾಸಿನಿಂದ 48 ತಾಸಿಗೆ ಏರಿದ್ದು ಮೊದಲ ಹಂತದಲ್ಲಿ. ಎರಡನೇ ಹಂತದಲ್ಲಿ ಒಬ್ಬ ಪೈಲಟ್ ಮಾಡಬಹುದಾದ ರಾತ್ರಿ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳಿಯಿತು. ನಿಯಮ ಬೇಕಾದದ್ದೇ. ನಿದ್ದೆಗೆಟ್ಟ ಪೈಲಟ್ ಯಾರಿಗೂ ಬೇಡ. ಆದರೆ ಅದಕ್ಕೆ ತಕ್ಕಷ್ಟು ಸಿಬ್ಬಂದಿಯ ತಯಾರಿ ಇಲ್ಲದೆ ದೇಶದ ಅತಿ ದೊಡ್ಡ ವಿಮಾನಯಾನ ಸಂಸ್ಥೆ ಇಂಡಿಗೊದ ವೇಳಾಪಟ್ಟಿ ಕುಸಿಯಿತು. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಕೊನೆಗೆ ಆ ಸಂಸ್ಥೆಗೆ ನಿಯಮದಲ್ಲಿ ತಾತ್ಕಾಲಿಕ ವಿನಾಯಿತಿ ಕೊಡಬೇಕಾಯಿತು. ಉಳಿದ ಕಂಪನಿಗಳ ಟಿಕೆಟ್ ದರ ಆಕಾಶಕ್ಕೇರಿ, ಸರ್ಕಾರ 500 ಕಿ.ಮೀ. ಒಳಗಿನ ಪ್ರಯಾಣಕ್ಕೆ 7,500 ರೂಪಾಯಿಯಿಂದ ಹಿಡಿದು 1,500 ಕಿ.ಮೀ. ಮೀರಿದ್ದಕ್ಕೆ 18,000 ರೂಪಾಯಿವರೆಗೆ ಮಿತಿ ಹಾಕಿತು.

ಆ ವಾರದ ಒಂದು ಸುದ್ದಿ ನಮ್ಮ ಪಕ್ಕದ ಹುಬ್ಬಳ್ಳಿಯದೇ. ಭುವನೇಶ್ವರದಲ್ಲಿ ಮದುವೆಯಾದ ಜೋಡಿಗೆ ಹುಬ್ಬಳ್ಳಿಯಲ್ಲಿ ಆರತಕ್ಷತೆ ಇತ್ತು. ವಿಮಾನ ತಡವಾಗುತ್ತ ತಡವಾಗುತ್ತ ಕೊನೆಗೆ ರದ್ದಾಯಿತು. ಹಾಲ್ ತುಂಬ ನೆಂಟರು. ವೇದಿಕೆಯ ಮೇಲೆ ಮಕ್ಕಳು ಕೂರಬೇಕಾದ ಜಾಗದಲ್ಲಿ ವಧುವಿನ ತಂದೆ ತಾಯಿ ಕುಳಿತರು. ಮದುಮಕ್ಕಳು ಭುವನೇಶ್ವರದಲ್ಲೇ ಸಿಂಗರಿಸಿಕೊಂಡು ವಿಡಿಯೋದಲ್ಲಿ ಕೈಮುಗಿದರು. ಆ ವಿಡಿಯೋ ನೋಡಿ ಎಷ್ಟೋ ಜನ ನಕ್ಕರು. ನನಗೆ ನಗು ಬರಲಿಲ್ಲ. ಹಿಂದಿನ ರಾತ್ರಿ ಆ ಮನೆಗೂ ‘ಇನ್ನೇನು ಹೊರಡತೈತಿ’ ಅನ್ನುವ ಫೋನು ಎಷ್ಟು ಸಲ ಹೋಗಿರಬಹುದು ಅಂತ ಅನಿಸಿತು.

ನನ್ನ ಅನುಭವದಿಂದ ನಿಮಗೆ ಏನಾದರೂ ಉಪಯೋಗ ಆಗಲಿ ಅಂತ ನಾಲ್ಕು ಮಾತು. ವಿಮಾನ ಎರಡು ತಾಸಿಗಿಂತ ಹೆಚ್ಚು ತಡವಾದರೆ (ಎರಡೂವರೆ ತಾಸು ಮೀರಿದ ಪ್ರಯಾಣವಾದರೆ ಮೂರು ತಾಸು) ಕಾಯುವವರಿಗೆ ತಿಂಡಿ, ಪಾನೀಯ ಕೊಡಬೇಕು ಅನ್ನುವುದು ಡಿಜಿಸಿಎ ನಿಯಮ. ಕೇಳಿ ಪಡೆಯಿರಿ. ಆರು ತಾಸು ಮೀರುವಂತಿದ್ದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ, ಎರಡರಲ್ಲಿ ಒಂದನ್ನು ಆರಿಸುವ ಹಕ್ಕು ನಿಮ್ಮದು. ಮುಂಚಿತವಾಗಿ ತಿಳಿಸದೆ ರದ್ದು ಮಾಡಿದರೆ ಪ್ರಯಾಣದ ಅವಧಿ ನೋಡಿ 5,000ದಿಂದ 10,000 ರೂಪಾಯಿವರೆಗೆ ಪರಿಹಾರವೂ ಇದೆ. ಮೂಲ ದರ ಮತ್ತು ಇಂಧನ ಶುಲ್ಕ ಅದಕ್ಕಿಂತ ಕಡಿಮೆ ಇದ್ದರೆ ಅಷ್ಟೇ. ಆದರೆ ಹವಾಮಾನದಂಥ, ಕಂಪನಿಯ ಕೈ ಮೀರಿದ ಕಾರಣವಿದ್ದರೆ ಈ ಪರಿಹಾರ ಸಿಗುವುದಿಲ್ಲ. ಹಾಗಾಗಿ ಕಾರಣ ಏನು ಅಂತ ಮೆಸೇಜಿನಲ್ಲೋ ಮೇಲ್‌ನಲ್ಲೋ ಬರೆಸಿಕೊಳ್ಳಿ, ಅಳಿಸಬೇಡಿ. ಕಂಪನಿ ಸ್ಪಂದಿಸದಿದ್ದರೆ ಸರ್ಕಾರದ ‘ಏರ್‌ಸೇವಾ’ ಆ್ಯಪಿನಲ್ಲಿ ದೂರು ಕೊಡಬಹುದು.

ಚಳಿಗಾಲದಲ್ಲಿ ಉತ್ತರದಿಂದ ಬರುವವರಿದ್ದರೆ ಸಂಜೆಯ ಕೊನೆಯ ವಿಮಾನ ನಂಬಬೇಡಿ, ದಿನದ ತಡವೆಲ್ಲ ಅಲ್ಲಿ ಬಂದು ಕೂಡಿರುತ್ತದೆ. ಬೆಳಗಿನ ಜಾವದ್ದೂ ಬೇಡ, ಮಂಜು ಅದನ್ನೇ ಮೊದಲು ಹಿಡಿಯುತ್ತದೆ. ಮಧ್ಯಾಹ್ನದ್ದು ವಾಸಿ. ಬೋರ್ಡು ನೋಡುವ ಬದಲು ನಿಮ್ಮ ವಿಮಾನ ಈಗ ಯಾವ ಊರಿನಲ್ಲಿದೆ ನೋಡಿ. ಅದು ಇನ್ನೂ ಪಟ್ನಾದಲ್ಲಿದ್ದರೆ ‘ಇನ್ನರ್ಧ ತಾಸು’ ಅನ್ನುವುದಕ್ಕೆ ಅರ್ಥವಿಲ್ಲ. ಮುಖ್ಯ ಕೆಲಸ ಇದ್ದರೆ ಒಂದು ದಿನ ಮೊದಲೇ ಹೊರಡಿ. ಒಂದು ದಿನದ ರಜೆ ಹೋಗುತ್ತದೆ, ಹೋಗಲಿ.

ಇವೆಲ್ಲ ಟಿಕೆಟ್ಟಿನ ವಿಷಯ. ಇನ್ನೊಂದನ್ನು ಯಾವ ನಿಯಮವೂ ಹೇಳುವುದಿಲ್ಲ. ಆ ಕಡೆ ಕಾಯುತ್ತಿರುವವರಿಗೆ ಬೇಗ ನಿಜ ಹೇಳಿ. ‘ನನಗೆ ಗೊತ್ತಿಲ್ಲ, ನಾನು ಬರೂದಿಲ್ಲ ಅಂತನ ತಿಳ್ಕೊಂಡು ನಡೀರಿ’ ಅಂದರೆ ಅವರಿಗೆ ಬೇಜಾರಾಗುತ್ತದೆ, ಆದರೆ ಕೈಯಲ್ಲಿ ಒಂದಿಷ್ಟು ಹೊತ್ತು ಉಳಿಯುತ್ತದೆ. ಆಫೀಸಿನಲ್ಲೂ ಈಗ ಸ್ಟೇಟಸ್ ಬರೆಯುವಾಗ ‘ಕಾರಣ ಇನ್ನೂ ತಿಳಿದಿಲ್ಲ, ಬೇರೆ ವ್ಯವಸ್ಥೆ ಇದ್ದರೆ ಬಳಸಿ’ ಅಂತ ಬರೆಯುತ್ತೇನೆ. ಮ್ಯಾನೇಜರ್ ಒಂದೆರಡು ಸಲ ಮುಖ ಸಿಂಡರಿಸಿದರು. ಈಗ ಸುಮ್ಮನಿದ್ದಾರೆ.

ಈ ವರ್ಷ ಹೊಲ ಲಾವಣಿಗೆ ಹೋಗಿದೆ. ಸುಗ್ಗಿಯಲ್ಲಿ ನಾನು ಬುಧವಾರವೇ ಊರಲ್ಲಿದ್ದೆ. ಬೆಂಗಳೂರಿನಿಂದ ರೈಲಿನಲ್ಲಿ ಹಾವೇರಿಗೆ ಹೋಗಿ, ಅಲ್ಲಿಂದ ಬಸ್ಸು. ಗುರುವಾರ ಮುಂಜಾನೆ ಅಪ್ಪ ತಾನಾಗಿಯೇ ಧೋತರ ಉಟ್ಟು, ಟೋಪಿ ಹಾಕಿಕೊಂಡು ತಯಾರಾಗಿದ್ದ. “ನಮ್ದೇನ ಐತಿ ಅಲ್ಲಿ?” ಅಂದಳು ಅವ್ವ. “ಸುಮ್ನ ನೋಡಿ ಬರ್ತೀವಿ” ಅಂದ.

ನಮ್ಮದಲ್ಲದ ಲಾಟ್‌ಗಳ ನಡುವೆ ಇಬ್ಬರೂ ಎರಡು ತಾಸು ಓಡಾಡಿದೆವು. ಅಪ್ಪ ಯಾರದೋ ರಾಶಿಯಿಂದ ಒಂದು ಕಾಯಿ ಎತ್ತಿ ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಬೀಜ ಗಲಗಲ ಅಂದಿತು. “ಕೇಳಿಸ್ತಾ? ಹಿಂಗ್ ಸಪ್ಪಳಾದ್ರ ಒಣಗೇತಿ ಅಂತ. ಹೋದ ವರ್ಷ ನಮ್ದೂ ಹಿಂಗ ಇತ್ತು” ಅಂದ.

ಕೇಳಿಸಿತು ಅಂದೆ. ಅಷ್ಟರಲ್ಲಿ ಇಬ್ಬರಿಗೂ ಸೀನು ಬಂತು.